ನದಿಗೆಂದು ಕೊರೆದ ಸುರಂಗ, ನೀರಿಲ್ಲದ ಡ್ರಿಲ್ಲು

ಒಂದು ಇಡೀ ನದಿಯನ್ನು ಹಾಯಿಸಲೆಂದು ಗುಡ್ಡ ಕೊರೆದರು. ಕೊರೆಯುವವರ ಡ್ರಿಲ್ಲಿಗೆ ಮಾತ್ರ ನೀರು ಕೊಡಲಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಾಕ್ಸ್ ನೆಸ್ಟ್ ಎಂಬಲ್ಲಿ 1930 ಮತ್ತು 1931ರಲ್ಲಿ ನಡೆದದ್ದನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಇಲ್ಲಿಗೇ ಬಂದು ನಿಲ್ಲುತ್ತದೆ. ನೀರಿಗೆ ಬರವಿದ್ದ ಜಾಗವಲ್ಲ ಅದು. ಗುಡ್ಡದ ಬುಡದಲ್ಲೇ ಹೊಳೆ ಭೋರ್ಗರೆಯುತ್ತಿತ್ತು. ಡ್ರಿಲ್ಲಿಗೊಂದು ಪೈಪು ಎಳೆದು, ಮದ್ದು ಸಿಡಿದ ಮೇಲೆ ಸ್ವಲ್ಪ ಹೊತ್ತು ಕಾದಿದ್ದರೆ ನೂರಾರು ಮನೆಗಳ ಗಂಡಸರು ಉಳಿಯುತ್ತಿದ್ದರು.

ಆ ಹೊಳೆಯ ಹೆಸರು ನ್ಯೂ ರಿವರ್. ಅಪಲಾಚಿಯನ್ ಬೆಟ್ಟಗಳ ಕಮರಿಯಲ್ಲಿ ಸುತ್ತಿ ಬಳಸಿ ಹರಿದು, ಗಾಲಿ ಬ್ರಿಜ್ ಎಂಬ ಸಣ್ಣ ಊರಿನ ಬಳಿ ಗಾಲಿ ನದಿಯನ್ನು ಕೂಡಿಕೊಂಡು, ಅಲ್ಲಿಂದ ಮುಂದೆ ಕನಾವಾ ಎನಿಸಿಕೊಳ್ಳುತ್ತದೆ. ಹೊಳೆ ಹೀಗೆ ಬಳಸಿ ಹೋಗುವ ಕಡೆ ನಡುವಿನ ಬೆಟ್ಟವನ್ನು ನೇರ ಕೊರೆದು ನೀರು ಇಳಿಸಿದರೆ ಒಳ್ಳೆಯ ರಭಸ ಸಿಗುತ್ತದೆ, ಆ ರಭಸದಿಂದ ವಿದ್ಯುತ್ ತೆಗೆಯಬಹುದು ಎಂಬುದು ಯೂನಿಯನ್ ಕಾರ್ಬೈಡ್ ಕಂಪನಿಯ ಲೆಕ್ಕಾಚಾರ. ಹತ್ತಿರದಲ್ಲೇ ಅದರ ಅಂಗಸಂಸ್ಥೆಯ ಲೋಹದ ಕಾರ್ಖಾನೆ ಏಳುತ್ತಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ಧುಮುಕು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತಾಗಿ ಹರಿದದ್ದನ್ನು ಬಲ್ಲ ನಮಗೆ ಈ ಯೋಜನೆ ಅಪರಿಚಿತವೇನಲ್ಲ. ಸುರಂಗದ ಉದ್ದ ಸುಮಾರು 3 ಮೈಲಿ. ಗುತ್ತಿಗೆ ಸಿಕ್ಕಿದ್ದು ರೈನ್‌ಹಾರ್ಟ್ ಅಂಡ್ ಡೆನಿಸ್ ಎಂಬ ಸಂಸ್ಥೆಗೆ. 1930ರ ಮಾರ್ಚ್ ಕೊನೆಯಲ್ಲಿ ಕೆಲಸ ಶುರುವಾಯಿತು.

ಆರ್ಥಿಕ ಮಹಾಕುಸಿತ ಬಂದು ಆಗಿನ್ನೂ ಆರು ತಿಂಗಳು. ಕಲ್ಲಿದ್ದಲು ಗಣಿಗಳಲ್ಲಿ ಕೆಲಸವಿರಲಿಲ್ಲ, ದಕ್ಷಿಣದ ಹತ್ತಿ ಹೊಲಗಳಲ್ಲೂ ಇರಲಿಲ್ಲ. ಸುರಂಗದಲ್ಲಿ ಕೂಲಿ ಸಿಗುತ್ತದೆಂಬ ಸುದ್ದಿ ಕಿವಿಯಿಂದ ಕಿವಿಗೆ ಹರಡಿ, ಜಾರ್ಜಿಯಾ, ಕೆರೊಲಿನಾ, ಅಲಬಾಮಾ ಕಡೆಯಿಂದ ಜನ ರೈಲು ಹತ್ತಿ ಬಂದರು. ಸುರಂಗದ ಒಳಗೆ ದುಡಿದವರು ಹೆಚ್ಚುಕಡಿಮೆ 3000 ಮಂದಿ, ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನ. ಹೊರಗಿನ ಕೆಲಸಗಳಲ್ಲಿ ಬಿಳಿಯರಿಗೂ ಪಾಲಿತ್ತು, ಒಳಗೆ ಬಂಡೆಯ ಮುಖಕ್ಕೆ ಎದುರಾಗಿ ನಿಲ್ಲುವ ಕೆಲಸ ಬಹುಮಟ್ಟಿಗೆ ಇವರ ಪಾಲಿಗೆ ಬಂತು. ಪಾಳಿಗೆ ಹತ್ತು ಗಂಟೆ, ವಾರಕ್ಕೆ ಆರು ದಿನ, ಗಂಟೆಗೆ 25–30 ಸೆಂಟ್ ಕೂಲಿ. ಇರಲು ಹಲಗೆ ಹೊಡೆದ ಗುಡಿಸಲುಗಳು, ಒಂದೊಂದರಲ್ಲೂ ಹತ್ತಾರು ಜನ. ಮೈಗೆ ಹುಷಾರಿಲ್ಲ, ಇವತ್ತು ಏಳಲಾರೆ ಎಂದವರನ್ನು ಗುಡಿಸಲಿಗೇ ನುಗ್ಗಿ ಎಬ್ಬಿಸಿ ಅಟ್ಟಲು ಗುತ್ತಿಗೆದಾರ ಆಳುಗಳನ್ನು ಇಟ್ಟಿದ್ದ.

ಕೊರೆಯುತ್ತ ಹೋದಂತೆ ಸಿಕ್ಕಿದ್ದು ಮರಳುಗಲ್ಲು. ಕೆಲವು ಕಡೆ ಅದು ಬರೀ ಬೆಣಚು ಎನ್ನುವಷ್ಟು ಶುದ್ಧ ಸಿಲಿಕಾ. ಕಬ್ಬಿಣದೊಂದಿಗೆ ಸಿಲಿಕಾನ್ ಬೆರೆಸಿ ಲೋಹ ಮಾಡುವ ಕಾರ್ಖಾನೆಗೆ ಬೇಕಾದದ್ದೂ ಇಂಥದೇ ಕಲ್ಲು. ಹಾಗಾಗಿ 32 ಅಡಿ ಅಗಲದ ಸುರಂಗವನ್ನು ಆ ಭಾಗದಲ್ಲಿ 46 ಅಡಿಗೆ ಹಿಗ್ಗಿಸಿ, ಒಡೆದ ಕಲ್ಲನ್ನು ಕಾರ್ಖಾನೆಗೆ ಸಾಗಿಸಿದರು. ಅಂದರೆ ಆ ಕಲ್ಲು ಎಂಥದ್ದು, ಅದರಲ್ಲಿ ಸಿಲಿಕಾ ಎಷ್ಟಿದೆ ಎಂದು ಯಜಮಾನರಿಗೆ ಚೆನ್ನಾಗಿ ಗೊತ್ತಿತ್ತು. ಅದರ ಬೆಲೆ ಕಟ್ಟಲು ಅಳೆದಿದ್ದರು. ಅದೇ ಕಲ್ಲಿನ ಧೂಳು ಒಳಗೆ ನಿಂತವರ ಎದೆಗೆ ಇಳಿಯುತ್ತದೆಂಬುದು ಆ ಅಳತೆಯಲ್ಲಿ ಬರಲಿಲ್ಲ.

ಗಾಳಿಯ ಒತ್ತಡದಿಂದ ನಡೆಯುವ ಡ್ರಿಲ್ಲುಗಳು ಬಂಡೆಗೆ ಹೊಡೆದು ಕುಳಿ ಕೊರೆಯುತ್ತಿದ್ದವು. ಕುಳಿಗೆ ಡೈನಮೈಟ್ ತುಂಬಿ ಸಿಡಿಸುತ್ತಿದ್ದರು. ಹೊಗೆ, ಧೂಳು ಇಳಿಯುವ ಮೊದಲೇ ಕಲ್ಲು ತುಂಬುವವರನ್ನು ಒಳಗೆ ಕಳಿಸುತ್ತಿದ್ದರೆಂದು ಬದುಕುಳಿದವರು ಮುಂದೆ ಪ್ರಮಾಣ ಮಾಡಿ ಹೇಳಿದರು. ಪೆಟ್ರೋಲಿನಿಂದ ಓಡುವ ಸಣ್ಣ ಎಂಜಿನ್‌ಗಳು ಕಲ್ಲಿನ ಡಬ್ಬಿಗಳನ್ನು ಎಳೆಯುತ್ತ ಅದೇ ಗಾಳಿಗೆ ಹೊಗೆ ಉಗುಳುತ್ತಿದ್ದವು, ಆ ಹೊಗೆಗೇ ತಲೆ ಸುತ್ತಿ ಬಿದ್ದವರನ್ನು ಹೊತ್ತು ತರಬೇಕಾಗುತ್ತಿತ್ತು. ದೀಪ ಉರಿಯುತ್ತಿದ್ದರೂ ಎರಡು ಮಾರು ಆಚೆಗಿನ ಮನುಷ್ಯ ಕಾಣುತ್ತಿರಲಿಲ್ಲ. ಕುಡಿಯಲು ಇಟ್ಟ ನೀರು ಹಾಲಿನ ಹಾಗೆ ಬಿಳುಪಾಗುತ್ತಿತ್ತು. ಪಾಳಿ ಮುಗಿಸಿ ಹೊರಬಂದವರ ಕೂದಲು, ರೆಪ್ಪೆ, ಬಟ್ಟೆ ಎಲ್ಲ ಹಿಟ್ಟಿನ ಗಿರಣಿಯಿಂದ ಬಂದಂತೆ ಬೆಳ್ಳಗಿರುತ್ತಿದ್ದವು, ಯಾರು ಕರಿಯ ಯಾರು ಬಿಳಿಯ ಎಂದು ಗುರುತು ಸಿಗುತ್ತಿರಲಿಲ್ಲ. ಅವರು ನಡೆದುಹೋದ ದಾರಿಯ ಮರಗಳ ಎಲೆಯ ಮೇಲೂ ಆ ಬಿಳಿ ಪುಡಿ ಕೂತಿರುತ್ತಿತ್ತು.

ಕಣ್ಣಿಗೆ ಕಾಣುವ ಆ ಬಿಳಿ ಪುಡಿಗಿಂತ ಕಾಣದ ಪುಡಿಯೇ ಹೆಚ್ಚು ಅಪಾಯಕಾರಿ. ದಪ್ಪ ಕಣವನ್ನು ಮೂಗು ತಡೆಯುತ್ತದೆ, ಗಂಟಲು ಕೆಮ್ಮಿ ಹೊರಹಾಕುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದೆರಡು ಭಾಗದಷ್ಟು ಸಣ್ಣ ಹರಳು ಹಾಗಲ್ಲ, ಅದು ಉಸಿರಿನ ಕಡೇ ಕವಲು ದಾಟಿ ಶ್ವಾಸಕೋಶದ ಗಾಳಿಗೂಡಿಗೇ ಇಳಿಯುತ್ತದೆ. ಅಲ್ಲಿ ಕಾವಲಿರುವ ಕೋಶಗಳು ಹೊರಗಿನ ಕಸವನ್ನೆಲ್ಲ ನುಂಗಿ ಅರಗಿಸುವಂಥವು. ಬೆಣಚಿನ ಹರಳು ಅರಗುವುದಿಲ್ಲ. ನುಂಗಿದ ಕೋಶವೇ ಸಾಯುತ್ತದೆ, ಹರಳು ಮತ್ತೆ ಹೊರಬರುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಹೀಗೆ ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ, ಸ್ಪಂಜಿನಂತಿದ್ದ ಶ್ವಾಸಕೋಶದೊಳಗೆ ಗಟ್ಟಿ ಗಂಟುಗಳು ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಮಾಮೂಲಿಗೆ ಹತ್ತು ಇಪ್ಪತ್ತು ವರ್ಷ ಹಿಡಿಯುವ ರೋಗ. ಹೊಸದಾಗಿ ಒಡೆದ ಹರಳು, ಅದೂ ವಿಪರೀತ ಪ್ರಮಾಣದಲ್ಲಿ ಒಳಹೊಕ್ಕರೆ ವರ್ಷಗಳೇ ಬೇಕಿಲ್ಲ, ಗಾಳಿಗೂಡುಗಳಲ್ಲಿ ದ್ರವ ತುಂಬಿಕೊಂಡು ಮನುಷ್ಯ ತಿಂಗಳುಗಳಲ್ಲೇ ಮುಗಿಯುತ್ತಾನೆ. ಹಾಕ್ಸ್ ನೆಸ್ಟ್‌ನಲ್ಲಿ ಆದದ್ದು ಹೀಗೆ. ಆಗಲೂ ಔಷಧ ಇರಲಿಲ್ಲ. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಈಗಲೂ ಇಲ್ಲ.

ಆ ಕಾಲಕ್ಕೆ ಇದೆಲ್ಲ ಯಾರಿಗೆ ಗೊತ್ತಿತ್ತು ಎಂದು ಕೇಳುವವರಿದ್ದಾರೆ. ಗೊತ್ತಿತ್ತು. ಜರ್ಮನ್ ವೈದ್ಯ ಅಗ್ರಿಕೋಲಾ ಗಣಿಗಾರಿಕೆಯ ಬಗ್ಗೆ ಬರೆದ, 1556ರಲ್ಲಿ ಅಚ್ಚಾದ ಗ್ರಂಥದಲ್ಲೇ ಗಣಿಯ ಧೂಳು ಶ್ವಾಸಕೋಶವನ್ನು ತಿನ್ನುತ್ತದೆಂದು ಹೇಳಿ, ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಒಬ್ಬಳೇ ಹೆಂಗಸು ಏಳು ಗಂಡಂದಿರನ್ನು ಒಬ್ಬರ ನಂತರ ಒಬ್ಬರಂತೆ ಕಳೆದುಕೊಂಡದ್ದನ್ನು ದಾಖಲಿಸಿದ್ದ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರ ಸಾವುಗಳನ್ನು ಜಾನ್ ಸ್ಕಾಟ್ ಹಾಲ್ಡೇನ್ ಪರಿಶೀಲಿಸಿ 1904ರಲ್ಲಿ ವರದಿ ಕೊಟ್ಟಾಗಲೂ ಬೊಟ್ಟು ಮಾಡಿದ್ದು ಕಲ್ಲಿನ ಧೂಳಿನ ಕಡೆಗೇ. ಆ ಗಣಿಗಾರರಲ್ಲಿ ಬಹಳ ಮಂದಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಡ್ರಿಲ್ ಹಿಡಿದು, ಎದೆ ಹಾಳು ಮಾಡಿಕೊಂಡು ಊರಿಗೆ ಮರಳಿದವರಾಗಿದ್ದರು. ಅಮೆರಿಕದಲ್ಲೇ ಮಿಸೌರಿಯ ಜಾಪ್ಲಿನ್ ಗಣಿಗಳಲ್ಲಿ 1910ರ ದಶಕದಲ್ಲಿ ಸರ್ಕಾರಿ ವೈದ್ಯರು ಇದೇ ರೋಗ ಕಂಡು, ಡ್ರಿಲ್ಲಿಗೆ ನೀರು ಬಳಸಿ ಎಂದು ಹೇಳಿಯಾಗಿತ್ತು.

ನೀರು ಬಳಸುವ ಡ್ರಿಲ್ಲಾದರೂ ಹೊಸದೇ? ಅದಕ್ಕೂ ಆಗಲೇ ಮೂವತ್ತು ವರ್ಷ. ಅದರ ಹುಟ್ಟಿನ ಕಥೆ ಇಲ್ಲಿ ಹೇಳಲೇಬೇಕು. ಕೊಲರಾಡೊದ ಡೆನ್ವರ್‌ನಲ್ಲಿ ಜಾರ್ಜ್ ಲೈನರ್ ಎಂಬ ಯಂತ್ರತಜ್ಞ 1890ರ ದಶಕದಲ್ಲಿ ಟೊಳ್ಳು ಸಲಾಕೆಯ ಡ್ರಿಲ್ ಮಾಡಿದ. ಸಲಾಕೆಯ ಒಳಗಿಂದ ಗಾಳಿ ಊದಿ ಕುಳಿಯ ಪುಡಿಯನ್ನು ಹೊರಗೆ ತಳ್ಳುವ ಉಪಾಯ ಅದು. ಯಂತ್ರವೇನೋ ವೇಗವಾಗಿ ಕೊರೆಯಿತು. ಆದರೆ ಪುಡಿಯೆಲ್ಲ ಎದುರಿಗಿದ್ದವನ ಮುಖಕ್ಕೇ ರಾಚಿತು. ಗಣಿಗಾರರು ಇದನ್ನು ನಾವು ಮುಟ್ಟುವುದಿಲ್ಲ ಎಂದುಬಿಟ್ಟರು. ಆಗ ಲೈನರ್ ಯಂತ್ರವನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿ, ಅದೇ ಟೊಳ್ಳಿನಲ್ಲಿ ಗಾಳಿಯ ಜೊತೆ ನೀರು ಹಾಯಿಸುವಂತೆ ಬದಲಿಸಿದ. ಪುಡಿ ಗಾಳಿಗೆ ಏಳದೆ ಕೆಸರಾಗಿ ಕೆಳಗೆ ಹರಿಯಿತು. ಒಣ ಡ್ರಿಲ್ಲುಗಳಿಗೆ ಅಮೆರಿಕದ ಗಣಿಗಳಲ್ಲಿ ಒಂದು ಅಡ್ಡಹೆಸರಿತ್ತು, ಹೆಂಡತಿಯರನ್ನು ವಿಧವೆಯರನ್ನಾಗಿ ಮಾಡುವ ಯಂತ್ರ ಎಂದು. ಈ ಹೆಸರಿಟ್ಟವರು ವೈದ್ಯರಲ್ಲ, ಅದನ್ನು ಹಿಡಿದು ನಿಂತ ಕೂಲಿಗಳು. ಧೂಳಿನಿಂದ ಕೆಲಸಗಾರನನ್ನು ಕಾಪಾಡುವ ದೊಡ್ಡ ಉಪಾಯವೊಂದು ಹುಟ್ಟಿದ್ದು ಅವನೇ ಒಲ್ಲೆ ಎಂದದ್ದರಿಂದ. ಹಾಕ್ಸ್ ನೆಸ್ಟ್‌ಗೆ ಬಂದ ಹಸಿದ ಜನರಿಗೆ ಒಲ್ಲೆ ಎನ್ನುವ ದಾರಿಯೇ ಇರಲಿಲ್ಲ. ಒಬ್ಬ ಬಿಟ್ಟುಹೋದರೆ ಆ ಜಾಗಕ್ಕೆ ಇನ್ನೊಬ್ಬ ಸುರಂಗದ ಬಾಯಲ್ಲೇ ಕಾದಿರುತ್ತಿದ್ದ.

ನೀರು ಹಾಯಿಸಿದರೆ ಡ್ರಿಲ್ ಕೊಂಚ ನಿಧಾನ. ಪೈಪು ಎಳೆಯಬೇಕು, ಕೆಸರು ಬಳಿಯಬೇಕು. ಮದ್ದು ಸಿಡಿದ ಮೇಲೆ ಗಾಳಿ ತಿಳಿಯಾಗುವ ತನಕ ಕಾದರೆ ಗಂಟೆಗಳು ಹೋಗುತ್ತವೆ. ಗುತ್ತಿಗೆದಾರ ಉಳಿಸಿದ್ದು ಈ ಗಂಟೆಗಳನ್ನು. ತಾನು ನೀರಿನಿಂದಲೇ ಕೊರೆಸಿದ್ದೆ ಎಂದು ಅವನು ಮುಂದೆ ವಾದಿಸಿದ. ತಪಾಸಣೆಗೆ ಯಾರಾದರೂ ಬರುವ ಸುಳಿವು ಸಿಕ್ಕಾಗ ಮಾತ್ರ ನೀರು ಬಿಡುತ್ತಿದ್ದರು, ಅವರು ಹೋದ ಮೇಲೆ ಮತ್ತೆ ಒಣ ಕೊರೆತ ಎಂದು ಕೆಲಸಗಾರರು ಹೇಳಿದರು. ಎರಡೂ ದಿಕ್ಕಿನಿಂದ ಬಂದ ಕೊರೆತ 1931ರ ಬೇಸಿಗೆ ಮುಗಿಯುವ ಹೊತ್ತಿಗೆ ಒಂದನ್ನೊಂದು ಸೇರಿತು. ಕಂಪನಿಯ ಕಣ್ಣಿಗೆ ಅದೊಂದು ಸಾಧನೆ.

ಮೂಗಿಗೆ ಕಟ್ಟುವ ಮಾಸ್ಕ್ ಆ ಸುರಂಗ ಕಂಡೇ ಇರಲಿಲ್ಲವೆಂದಲ್ಲ. ಒಳಗೆ ನೋಡಿಹೋಗಲು ಬರುತ್ತಿದ್ದ ಎಂಜಿನಿಯರುಗಳು, ಕಂಪನಿಯ ದೊಡ್ಡವರು ಮಾಸ್ಕ್ ಧರಿಸಿ ಬರುತ್ತಿದ್ದರೆಂದು ಸಾಕ್ಷಿಗಳು ಹೇಳಿದ್ದಾರೆ. ಹತ್ತು ಗಂಟೆ ನಿಂತು ದುಡಿಯುವವನ ಮುಖ ಬರಿದಾಗಿತ್ತು, ಅರ್ಧ ಗಂಟೆ ಸುತ್ತಿ ಹೋಗುವವನಿಗೆ ರಕ್ಷಣೆ ಇತ್ತು. ರಾಜ್ಯದ ಗಣಿ ಇಲಾಖೆಯ ಮುಖ್ಯಸ್ಥ ರಾಬರ್ಟ್ ಲ್ಯಾಂಬಿ ಸುರಂಗ ನೋಡಿ, ಕೆಲಸಗಾರರಿಗೆ ಮಾಸ್ಕ್ ಕೊಡಬೇಕೆಂದು ಪತ್ರ ಬರೆದ. ಅದು ಜಾರಿಗೆ ಬರಲಿಲ್ಲ. ಮುಂದೆ ನ್ಯಾಯಾಲಯದಲ್ಲಿ ಅದೇ ಅಧಿಕಾರಿ ಒಳಗಿನ ಸ್ಥಿತಿ ಚೆನ್ನಾಗಿತ್ತೆಂದು ಕಂಪನಿಯ ಪರವಾಗಿ ನುಡಿದ. ಪತ್ರ ಬರೆದ ಕೈಯೇ ಹೀಗೆ ತಿರುಗಿಬಿದ್ದದ್ದು ಈ ಕಥೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಭಾಗ.

ಸಾವು ಕೆಲಸ ಮುಗಿಯುವ ತನಕ ಕಾಯಲಿಲ್ಲ. ಮೊದಲು ಒಣ ಕೆಮ್ಮು, ಆಮೇಲೆ ನಾಲ್ಕು ಹೆಜ್ಜೆಗೇ ಏದುಸಿರು, ಆಮೇಲೆ ಮಲಗಿದರೂ ದಮ್ಮು. ಕಂಪನಿಯ ವೈದ್ಯರು ನ್ಯುಮೋನಿಯಾ ಎಂದರು, ಕ್ಷಯ ಎಂದರು, ಸುರಂಗದ ಕಾಯಿಲೆ ಎಂದು ಹೊಸ ಹೆಸರನ್ನೂ ಕಟ್ಟಿದರು, ಕೈಗೆ ಕಪ್ಪು ಮಾತ್ರೆ ಕೊಟ್ಟು ಕಳಿಸಿದರು. ಆ ಊರ ಕಡೆಯ ಒಂದು ಬಡ ಮನೆಯಲ್ಲಿ ಗಂಡ, ಮೂವರು ಗಂಡುಮಕ್ಕಳು, ನಾಲ್ವರೂ ಸುರಂಗಕ್ಕೆ ಹೋಗಿದ್ದವರು. ಕಿರಿಯವನು ಇನ್ನೂ ಹುಡುಗ. ಎಲ್ಲರಿಗಿಂತ ಮೊದಲು ಹಾಸಿಗೆ ಹಿಡಿದವನೂ ಅವನೇ. ನಾನು ಸತ್ತ ಮೇಲೆ ನನ್ನ ಎದೆ ಕೊಯ್ಸಿ ನೋಡಮ್ಮ, ಕೆಲಸವೇ ನನ್ನನ್ನು ಕೊಂದಿತೋ ಏನೋ ತಿಳಿಯಲಿ, ಹಾಗಿದ್ದರೆ ನಿನಗೆ ಪರಿಹಾರವಾದರೂ ಸಿಕ್ಕೀತು ಎಂಬ ಅರ್ಥದಲ್ಲಿ ತಾಯಿಯನ್ನು ಕೇಳಿಕೊಂಡ. ಎಕ್ಸ್-ರೇ ತೆಗೆಸಲು ಆ ತಾಯಿಯ ಬಳಿ ದುಡ್ಡಿರಲಿಲ್ಲ. ರಸ್ತೆಗೆ ನಿಂತು ಬೇಡಿ ಹೊಂದಿಸಿದಳು. ಆ ದುಡ್ಡಿನಿಂದ ತೆಗೆಸಿದ ಚಿತ್ರಗಳಲ್ಲಿ ರೋಗದ ನಿಜ ಹೆಸರು ಕಂಡಿತು. ಮೂವರು ಮಕ್ಕಳೂ ತೀರಿಕೊಂಡರು. ಪುರಾವೆಗಾಗಿ ತನ್ನ ದೇಹವನ್ನೇ ಬರೆದುಕೊಟ್ಟ ಆ ಹುಡುಗನ ತಿಳಿವಳಿಕೆಯ ಮುಂದೆ ಎಷ್ಟೋ ತಜ್ಞರ ಮಾತು ನನಗೆ ಸಣ್ಣದಾಗಿ ಕಾಣುತ್ತದೆ.

ಅದು ಸ್ಥಳೀಯರ ಮನೆ, ಅಳಲು ಜನರಿದ್ದರು. ದೂರದಿಂದ ಬಂದ ಕಪ್ಪು ಕೂಲಿಗಳಿಗೆ ಅದೂ ಇಲ್ಲ. ಆ ಭಾಗದ ಬಿಳಿಯರ ಸ್ಮಶಾನಗಳಲ್ಲಿ ಅವರನ್ನು ಹೂಳುವಂತಿರಲಿಲ್ಲ. ಗುತ್ತಿಗೆದಾರ ಸಮ್ಮರ್ಸ್‌ವಿಲ್ ಎಂಬ ಊರಿನ ಶವಸಂಸ್ಕಾರದವನೊಬ್ಬನೊಡನೆ ಹೆಣಕ್ಕೆ ಇಷ್ಟೆಂದು ದರ ಗೊತ್ತುಮಾಡಿದ, ಅವನು ತನ್ನ ತಾಯಿಯ ಜಮೀನಿನಲ್ಲಿ ಹೂಳುತ್ತ ಹೋದ. ಅನೇಕರ ಮನೆಯವರಿಗೆ ಸುದ್ದಿಯೇ ತಲುಪಲಿಲ್ಲ. ಕೆಮ್ಮು ಹಿಡಿದ ಎಷ್ಟೋ ಜನ ಸಿಕ್ಕ ರೈಲು ಹತ್ತಿ ಊರಿಗೆ ಮರಳಿದರು, ಅಲ್ಲಿ ಸತ್ತವರು ಯಾವ ಲೆಕ್ಕಕ್ಕೂ ಸೇರಲಿಲ್ಲ.

1932ರಿಂದ ಮೊಕದ್ದಮೆಗಳು ಬಿದ್ದವು. ಮೊದಲ ದಾವೆಯಲ್ಲಿ ಜ್ಯೂರಿಗಳಿಗೆ ಒಮ್ಮತ ಬರಲಿಲ್ಲ. 1933ರಲ್ಲಿ ನೂರೈವತ್ತಕ್ಕೂ ಹೆಚ್ಚು ಪ್ರಕರಣಗಳನ್ನು ಒಟ್ಟಿಗೆ 1,30,000 ಡಾಲರ್‌ಗೆ ರಾಜಿ ಮಾಡಿ ಮುಗಿಸಿದರು, ಅದರಲ್ಲಿ ಅರ್ಧ ವಕೀಲರಿಗೆ ಹೋಯಿತು. ಉಳಿದದ್ದನ್ನು ಹಂಚುವಾಗಲೂ ಬಿಳಿಯರಿಗೆ ಒಂದು ದರ, ಕಪ್ಪು ಜನರಿಗೆ ಅದಕ್ಕಿಂತ ಕಡಿಮೆ. 1935ರಲ್ಲಿ ವೆಸ್ಟ್ ವರ್ಜೀನಿಯಾ ಸಿಲಿಕೋಸಿಸ್‌ಗೆ ಪರಿಹಾರ ಕೊಡುವ ಕಾನೂನು ತಂದಿತು, ಸುರಂಗದವರಿಗೆ ಅದರಿಂದ ಏನೂ ದಕ್ಕಲಿಲ್ಲ.

ದೇಶ ತಿರುಗಿ ನೋಡಿದ್ದು 1936ರ ಜನವರಿಯಲ್ಲಿ, ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿಯೊಂದು ವಿಚಾರಣೆಗೆ ಕೂತಾಗ. ಫಿಲಿಪಾ ಆಲನ್ ಎಂಬ ಸಮಾಜಸೇವಕಿ ತಾನು ಊರೂರು ತಿರುಗಿ ಕಂಡದ್ದನ್ನೆಲ್ಲ ಅಲ್ಲಿ ಹೇಳಿದಳು. ಮಕ್ಕಳನ್ನು ಕಳೆದುಕೊಂಡ ಆ ತಾಯಿಯ ಕಥೆಯೂ ದಾಖಲಾಯಿತು. ಸದಸ್ಯರು ಪೂರ್ಣ ತನಿಖೆಗೆ ಹಣ, ಅಧಿಕಾರ ಕೇಳಿದರು, ಸದನ ಕೊಡಲಿಲ್ಲ. ಅದೇ ವರ್ಷ ಮ್ಯೂರಿಯಲ್ ರುಕೈಸರ್ ಎಂಬ ಇಪ್ಪತ್ತೆರಡರ ಕವಯಿತ್ರಿ ಗಾಲಿ ಬ್ರಿಜ್‌ಗೆ ಹೋದಳು. ಅಲ್ಲಿ ಕೇಳಿದ್ದನ್ನೂ ವಿಚಾರಣೆಯ ಕಾಗದಪತ್ರಗಳನ್ನೂ ಸೇರಿಸಿ ಅವಳು ಕಟ್ಟಿದ ದೀರ್ಘ ಕವನಮಾಲೆ 1938ರಲ್ಲಿ ಪ್ರಕಟವಾಯಿತು.

ತನಿಖೆ ನಿಂತರೂ ಗುಲ್ಲು ಅಡಗಲಿಲ್ಲ. ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ 1936ರಲ್ಲೇ ಸಿಲಿಕೋಸಿಸ್ ಕುರಿತು ರಾಷ್ಟ್ರೀಯ ಸಮ್ಮೇಳನ ಕರೆದಳು, ಇಲಾಖೆ 1938ರಲ್ಲಿ ಈ ರೋಗ ತಡೆಯುವ ಬಗ್ಗೆ ಚಲನಚಿತ್ರವನ್ನೇ ಮಾಡಿತು, ರಾಜ್ಯದ ಮೇಲೆ ರಾಜ್ಯ ಪರಿಹಾರದ ಕಾನೂನು ತಂದಿತು. ಅದಕ್ಕೂ ಮೊದಲು, 1934ರಲ್ಲಿ, ಅಮೆರಿಕದ ಗಣಿ ಬ್ಯೂರೊ ಧೂಳು ಸೋಸುವ ಮಾಸ್ಕ್‌ಗಳನ್ನು ಪರೀಕ್ಷಿಸಿ ಮಂಜೂರು ಮಾಡುವ ಕ್ರಮ ಆರಂಭಿಸಿತ್ತು. ಬಟ್ಟೆ ಕಟ್ಟಿಕೊಂಡರೆ ಸಾಕು ಎಂಬ ಕಾಲ ಅಲ್ಲಿಗೆ ಮುಗಿಯಿತು, ಎಷ್ಟು ಸಣ್ಣ ಧೂಳನ್ನು ಎಷ್ಟು ತಡೆಯುತ್ತದೆಂದು ತೋರಿಸಿದ ಮೇಲೆಯೇ ಮುದ್ರೆ. ಕೋವಿಡ್ ಕಾಲದಲ್ಲಿ ನಮ್ಮ ಮೆಡಿಕಲ್ ಶಾಪುಗಳಲ್ಲಿ ಎನ್-95 ಎಂದು ಕೇಳಿ ಕೊಂಡೆವಲ್ಲ, ಆ ಹೆಸರಿನ ಹಿಂದಿರುವ ಪರೀಕ್ಷೆಯ ಪದ್ಧತಿ ಈ ಸಾಲಿನಲ್ಲೇ ಬೆಳೆದು ಬಂದದ್ದು. ಆದರೂ ಒಂದು ಮಾತು. ಮಾಸ್ಕ್ ಕಡೆಯ ಕಾವಲು. ಬಿಸಿಲಲ್ಲಿ, ಬೆವರಿನಲ್ಲಿ, ಭಾರ ಎತ್ತುತ್ತ ಹತ್ತು ಗಂಟೆ ಅದನ್ನು ಬಿಗಿಯಾಗಿ ಕಟ್ಟಿಕೊಂಡಿರು ಎನ್ನುವುದು ಹೊರೆಯನ್ನೆಲ್ಲ ಕೂಲಿಯ ಮೇಲೆ ಹೊರಿಸಿದಂತೆ. ಧೂಳು ಏಳದಂತೆ ನೀರು, ಎದ್ದದ್ದನ್ನು ಎಳೆದೊಯ್ಯುವ ಗಾಳಿಯಂತ್ರ, ಇವು ಯಜಮಾನನ ಕೆಲಸ, ಮೊದಲು ಆಗಬೇಕಾದವು. ನಮ್ಮ ಜಲ್ಲಿ ಕ್ರಷರ್‌ಗಳ ಬಳಿ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ನಿಂತವರನ್ನು ಕಂಡಾಗೆಲ್ಲ ನಾನು ಮೊದಲು ಹುಡುಕುವುದು ನೀರಿನ ಪೈಪನ್ನು.

ಕೋಲಾರದ ಚಿನ್ನದ ಗಣಿಯಲ್ಲೂ ಚಿನ್ನ ಅಡಗಿದ್ದು ಬೆಣಚಿನ ಎಳೆಗಳಲ್ಲೇ. 1940ರಿಂದ 1946ರ ತನಕ ಅಲ್ಲಿ 7,653 ಕೆಲಸಗಾರರ ಎದೆ ಪರೀಕ್ಷೆ ನಡೆಯಿತು. ಸಿಲಿಕೋಸಿಸ್ ಇದ್ದವರು 3,402. ನೂರಕ್ಕೆ ನಲವತ್ತಕ್ಕಿಂತ ಹೆಚ್ಚು. ಆ ನೆಲದ ಆಳದ ಬಗ್ಗೆ, ಅಲ್ಲಿ ತೆಗೆದ ಚಿನ್ನದ ಬಗ್ಗೆ, ಕಲ್ಲು ಸಿಡಿದು ಆದ ಅಪಘಾತಗಳ ಬಗ್ಗೆ ನಾವು ಕೇಳಿದ್ದೇವೆ, ಸಿನಿಮಾವನ್ನೂ ನೋಡಿದ್ದೇವೆ. ಈ ಎರಡು ಸಂಖ್ಯೆಗಳು ಮಾತ್ರ ವೈದ್ಯಕೀಯ ಬರಹಗಳಲ್ಲೇ ಉಳಿದುಬಿಟ್ಟವು. ಅವು ಶಾಲೆಯ ಪಠ್ಯಕ್ಕೆ ಬರಬೇಕಿತ್ತು.

ಹಾಕ್ಸ್ ನೆಸ್ಟ್ ಸುರಂಗದಲ್ಲಿ ಸತ್ತವರೆಷ್ಟು? ಕಂಪನಿ ಒಪ್ಪಿದ್ದು 109. ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ಬಂದ ಲೆಕ್ಕ 476. ಮಾರ್ಟಿನ್ ಚರ್ನಿಯಾಕ್ ಎಂಬ ವೈದ್ಯ ವರ್ಷಗಟ್ಟಲೆ ಹಳೆಯ ದಾಖಲೆ ಜಾಲಾಡಿ, ಊರು ಬಿಟ್ಟುಹೋದವರನ್ನೂ ಅಂದಾಜಿಗೆ ತಂದು 1986ರಲ್ಲಿ ಪುಸ್ತಕ ಬರೆದ, ಅವನ ಅಂದಾಜು 764. ಆ ಪುಸ್ತಕ ಬರುವುದಕ್ಕೆ ಎರಡು ವರ್ಷ ಮೊದಲು, 1984ರ ಡಿಸೆಂಬರ್ 2ರ ರಾತ್ರಿ, ಅದೇ ಯೂನಿಯನ್ ಕಾರ್ಬೈಡ್ ಹೆಸರಿನ ಭೋಪಾಲದ ಕಾರ್ಖಾನೆಯಿಂದ ವಿಷಾನಿಲ ಸೋರಿ ಮಲಗಿದ್ದವರ ಉಸಿರಿಗೆ ಹೊಕ್ಕಿತ್ತು.

ಸಮ್ಮರ್ಸ್‌ವಿಲ್‌ನ ಆ ಜಮೀನಿನ ಮೇಲೆ 1972ರಲ್ಲಿ ಹೆದ್ದಾರಿ ಅಗಲವಾಗಿ ಬಂತು. ಅಡ್ಡ ಬಂದ ಗೋರಿಗಳನ್ನು ಅಗೆದು, ಸಿಕ್ಕ ಮೂಳೆಗಳನ್ನು ರಸ್ತೆಯ ಇನ್ನೊಂದು ಪಕ್ಕದ ಕಾಡು ಬೆಳೆದ ಜಾಗಕ್ಕೆ ಸಾಗಿಸಿದರು. ಆ ಜಾಗವೂ ಮರೆತುಹೋಗಿ, ಪೊದೆ ಬೆಳೆದು, ಕಸ ಸುರಿಯುವಂತಾಯಿತು. ಸ್ಥಳೀಯರು ಕೆಲವರು ಅದನ್ನು ಹುಡುಕಿ, ಪೊದೆ ಕಡಿದು, 2012ರಲ್ಲಿ ಅಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಸಾಲಾಗಿ ತಗ್ಗಾದ ಮಣ್ಣು ಕಾಣುತ್ತದೆ. ಯಾವ ತಗ್ಗಿನಲ್ಲಿ ಯಾರಿದ್ದಾರೆಂದು ಹೇಳಬಲ್ಲವರು ಇಲ್ಲ.